ಹಾರ್ನಿನ ಧ್ವನಿಯೂ ಅನರ್ಥದಂಡವಿರತಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯು ಗುಣವ್ರತಗಳ ಸಾಲಿಗೆ ಸೇರಿದುದು. ಪ್ರಯೋಜನವಿಲ್ಲದೆ ಅನ್ಯಜೀವಗಳನ್ನು ದಂಡಿಸುವ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಹಿಂದೆಗೆಯುವುದೇ ಅದರ ಸ್ವರೂಪ. ಅಸತ್ಯ, ಚೌರ್ಯಾದಿಗಳಲ್ಲಿ ತೊಡಗಿದವನಿಗೆ ತನ್ನ ದೋಷವು ಆ ಕ್ಷಣವೇ ತಿಳಿಯುತ್ತದೆ. ಈ ವ್ರತದಲ್ಲಾದರೋ ದೋಷವು ನಿತ್ಯಬಳಕೆಯ ವಸ್ತುಗಳ ಮೂಲಕ ಅರಿವಿಗೆ ಬಾರದೆ ಒಳಸೇರುತ್ತದೆ. ಮೋಟಾರ್ ಸೈಕಲ್ಲಿನೊಡನೆ ಬಂದ ಹಾರ್ನನ್ನು ಕಳಚಿಸಿ, ಅದಕ್ಕಿಂತ ಗಟ್ಟಿಯಾಗಿ ಕೂಗುವ ಬೇರೊಂದನ್ನು ಹಾಕಿಸಿಕೊಳ್ಳುವುದು ಅಂತಹ ಒಂದು ಸಂಗತಿ. ಇದು ಕೇವಲ ಅಭಿರುಚಿಯ ಮಾತೋ ಅಥವಾ ವ್ರತಕ್ಕೆ ಸಂಬಂಧಿಸಿದುದೋ ಎಂಬುದು ವಿಚಾರಣೀಯ.

ಪೂರ್ವಪಕ್ಷವು ದುರ್ಬಲವಾದುದಲ್ಲ. ಹೆದ್ದಾರಿಯಲ್ಲಿ ಲಾರಿಯ ಚಾಲಕನು ತನ್ನ ಎಂಜಿನ್ನಿನ ಸದ್ದಿನಲ್ಲೇ ಮುಳುಗಿರುತ್ತಾನೆ. ಪಕ್ಕದಲ್ಲಿ ಬರುವ ಬೈಕಿನ ಕ್ಷೀಣಧ್ವನಿಯು ಅವನ ಕಿವಿಗೆ ಮುಟ್ಟುವುದಿಲ್ಲ. ಹಾರ್ನು ಯಾರನ್ನೂ ಕೊಲ್ಲುವುದಿಲ್ಲ, ಉಳಿಸುತ್ತದೆ. ಮನೆಯ ಮಗನು ರಾತ್ರಿ ಸುರಕ್ಷಿತನಾಗಿ ಮರಳಲೆಂದು ಬಯಸುವ ತಾಯಿಗೆ ನೆರೆಯವರ ನಿದ್ರೆಯ ಚಿಂತೆಯನ್ನು ಹೇಗೆ ಬೋಧಿಸುವುದು?

ಈ ವಾದದಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಬೇಕು. ಚಾರ್ಮಾಡಿ, ಶಿರಾಡಿ ಘಟ್ಟಗಳ ತಿರುವುಗಳಲ್ಲಿ ಎದುರಿನಿಂದ ಬರುವವನು ಕಾಣುವುದಿಲ್ಲ. ಅಲ್ಲಿ ಹಾರ್ನು ಮಾಡದಿರುವುದೇ ಪ್ರಮಾದ. ಹಾಗೆಯೇ ವಿದ್ಯುತ್ ಹಾರ್ನಿನೊಳಗೆ ಅಯಸ್ಕಾಂತವು ಲೋಹದ ತೆಳುಹಾಳೆಯೊಂದನ್ನು ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತದೆ. ಕೆಸರುನೀರು ಸೇರಿದರೆ, ತಂತಿಯ ತುದಿ ತುಕ್ಕು ಹಿಡಿದರೆ, ಬ್ಯಾಟರಿ ಸೊರಗಿದರೆ ಅದರ ಧ್ವನಿ ಕುಗ್ಗುತ್ತದೆ. ಅದನ್ನು ಸರಿಪಡಿಸಿಕೊಳ್ಳುವುದು ಗೃಹಸ್ಥನ ಕರ್ತವ್ಯ. ಅದರಿಂದ ವ್ರತಕ್ಕೆ ಯಾವ ಬಾಧೆಯೂ ಇಲ್ಲ. ಪ್ರಶ್ನೆಯಿರುವುದು ಸರಿಯಾಗಿಯೇ ಇರುವ ಹಾರ್ನು ಸಾಲದೆಂದು ಕಾಣುವಲ್ಲಿ.

ಧ್ವನಿಯ ಸ್ವಭಾವವನ್ನು ಇಲ್ಲಿ ಅರಿಯಬೇಕು. ಡೆಸಿಬಲ್ ಎಂಬ ಅಳತೆಯಲ್ಲಿ ೧೦ ಹೆಚ್ಚಾದರೆ ಶಬ್ದದ ತೀವ್ರತೆಯು ಹತ್ತು ಮಡಿಯಾಗುತ್ತದೆ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಧ್ವನಿಯು ಸುಮಾರು ೬ ಡೆಸಿಬಲ್‌ನಷ್ಟು ಇಳಿಯುತ್ತದೆ. ಈ ಲೆಕ್ಕದಂತೆ ೪೦ ಮೀಟರ್ ದೂರದ ಚಾಲಕನ ಮೇಲೆ ಬೀಳುವುದಕ್ಕಿಂತ ಸುಮಾರು ೪೦೦ ಮಡಿ ತೀವ್ರತೆಯು ಹಾರ್ನಿನ ಮುಂದೆ ೨ ಮೀಟರ್ ಅಂತರದಲ್ಲಿ ನಡೆಯುತ್ತಿರುವ ವೃದ್ಧನ ಕಿವಿಯ ಮೇಲೆ ಬೀಳುತ್ತದೆ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಹಾರ್ನನ್ನು ಒತ್ತಿದವನಾದರೋ ಹೆಲ್ಮೆಟ್ಟಿನೊಳಗೆ, ಧ್ವನಿ ಹೊರಡುವ ಮುಖದ ಹಿಂಬದಿಯಲ್ಲಿ ಕುಳಿತಿರುತ್ತಾನೆ. ತಾನು ಕೊಟ್ಟ ನೋವಿನ ಅಳತೆಯೇ ಅವನಿಗೆ ತಿಳಿಯದು.

ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮತ್ತಯೋಗದಿಂದ ಪ್ರಾಣಗಳಿಗೆ ಉಂಟಾಗುವ ವಿಘಾತವೆಂದು ನಿರೂಪಿಸುತ್ತದೆ. ಇಲ್ಲಿ ಪ್ರಾಣವೆಂದರೆ ಉಸಿರು ಮಾತ್ರವಲ್ಲ. ಐದು ಇಂದ್ರಿಯಗಳು, ಮೂರು ಬಲಗಳು, ಆಯುಷ್ಯ, ಶ್ವಾಸೋಚ್ಛ್ವಾಸ ಎಂದು ದ್ರವ್ಯಪ್ರಾಣಗಳು ಹತ್ತು. ಅವುಗಳಲ್ಲಿ ಶ್ರೋತ್ರೇಂದ್ರಿಯವೂ ಒಂದು. ಆದುದರಿಂದ ‘ಹಾರ್ನು ಕೊಲ್ಲುವುದಿಲ್ಲ’ ಎಂಬ ಸಮಾಧಾನವು ನಿಲ್ಲುವುದಿಲ್ಲ. ಕಿವಿಯನ್ನು ನೋಯಿಸುವುದು ಪ್ರಾಣವೊಂದನ್ನು ನೋಯಿಸುವುದೇ. ಮೇಲಾಗಿ ಶ್ರೋತ್ರೇಂದ್ರಿಯವಿರುವುದು ಪಂಚೇಂದ್ರಿಯ ಜೀವಗಳಿಗೆ ಮಾತ್ರ. ಹಾರ್ನಿನ ಆಘಾತವು ಅವುಗಳನ್ನೇ ಮುಟ್ಟುತ್ತದೆ. ತೊಟ್ಟಿಲಿನ ಶಿಶು, ಆಸ್ಪತ್ರೆಯ ರೋಗಿ, ಬೆದರಿ ಚಕ್ರದಡಿಗೇ ನುಗ್ಗುವ ನಾಯಿ, ಹಗ್ಗ ಹರಿದು ಓಡುವ ಹಸು—ಇವರೆಲ್ಲ ಆ ಮಗನ ಮರಳುವಿಕೆಗೆ ಅಡ್ಡಿಯಾದವರಲ್ಲ, ಆದರೂ ದಂಡಕ್ಕೊಳಗಾಗುವವರು.

ಈ ವ್ರತಕ್ಕೆ ಹೇಳಿರುವ ಐದು ಅತೀಚಾರಗಳಲ್ಲಿ ಮೂರು ಇಲ್ಲಿ ಕಾಣುತ್ತವೆ. ವಿಚಾರಿಸದೆ ಸಾಧನಗಳನ್ನು ಅಳವಡಿಸುವುದು ಅಸಮೀಕ್ಷ್ಯಾಧಿಕರಣ. ಅಗತ್ಯಕ್ಕೆ ಮೀರಿ ಸಂಗ್ರಹಿಸುವುದು ಉಪಭೋಗಪರಿಭೋಗಾನರ್ಥಕ್ಯ. ಮಿತಿಯಿಲ್ಲದ ಮಾತು ಮೌಖರ್ಯ. ಯಂತ್ರದ ಬಾಯಿಂದ ಹೊರಟರೂ ಒತ್ತಿದ ಬೆರಳು ತನ್ನದೇ ಆದುದರಿಂದ ಮೌಖರ್ಯವೂ ತನ್ನದೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಸವಾರನ ಅಂತರಂಗದಲ್ಲಾಗುವ ವ್ಯತ್ಯಾಸ. ಗಂಟೆಗೆ ೬೦ ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ ೧೬ ಮೀಟರಿಗಿಂತ ಹೆಚ್ಚು ಮುಂದೆ ಸಾಗುತ್ತದೆ. ಹಾರ್ನು ಎಷ್ಟೇ ಗಟ್ಟಿಯಾಗಿದ್ದರೂ ಅದು ನಿಲ್ಲಲು ಬೇಕಾದ ದೂರವನ್ನು ಒಂದು ಗೇಣಿನಷ್ಟೂ ಕಡಿಮೆ ಮಾಡದು. ಆದರೆ ಗಟ್ಟಿ ಹಾರ್ನು ಕೈಗೆಟುಕಿದೊಡನೆ ಬ್ರೇಕಿನ ಬದಲು ಅದನ್ನೇ ನಂಬುವ ಅಭ್ಯಾಸವು ಬೆಳೆಯುತ್ತದೆ. ‘ನಾನು ಬರುತ್ತಿದ್ದೇನೆ’ ಎಂಬ ಸೂಚನೆಯು ‘ನೀನು ಸರಿ’ ಎಂಬ ಆಜ್ಞೆಯಾಗುತ್ತದೆ. ಅಲ್ಲಿ ಮಾನ, ಕ್ರೋಧಗಳೆಂಬ ಕಷಾಯಗಳು ಪ್ರವೇಶಿಸಿದವು. ವಿಹಾರದಲ್ಲಿರುವ ದಿಗಂಬರ ಮುನಿಗಳು ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಈರ್ಯಾಸಮಿತಿಯಿಂದ ಅದೇ ರಸ್ತೆಯ ಅಂಚಿನಲ್ಲಿ ಹೆಜ್ಜೆಯಿಡುತ್ತಾರೆ. ಅವರನ್ನು ಕಂಡು ವಂದಿಸುವ ಶ್ರಾವಕನು ಮುಂದಿನ ತಿರುವಿನಲ್ಲಿ ಅಪರಿಚಿತ ಪಾದಚಾರಿಯನ್ನು ಬೆಚ್ಚಿಬೀಳಿಸಿದರೆ ಆ ವಂದನೆಯು ಎಲ್ಲಿ ಉಳಿಯಿತು?

ರಾಜಶಾಸನವೂ ಇದಕ್ಕೆ ಅನುಕೂಲವಾಗಿಯೇ ಇದೆ. ೧೯೮೯ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಹಲವು ಸ್ವರಗಳ ಹಾರ್ನನ್ನೂ ಅತಿಕರ್ಕಶ ಧ್ವನಿಯ ಸಾಧನವನ್ನೂ ನಿಷೇಧಿಸಿವೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರನ್ನು ನಿಶ್ಶಬ್ದ ವಲಯವೆಂದು ಗುರುತಿಸಲು ಅವಕಾಶವಿತ್ತವು. ೨೦೧೯ರ ತಿದ್ದುಪಡಿಯು ಅನಗತ್ಯವಾಗಿ ಹಾರ್ನು ಮಾಡುವುದಕ್ಕೆ ಮೊದಲ ಬಾರಿ ೧,೦೦೦ ರೂಪಾಯಿ ದಂಡ ವಿಧಿಸಿತು. ಆದರೆ ದಂಡದ ಭಯದಿಂದ ಬಿಟ್ಟದ್ದು ತ್ಯಾಗವೆನಿಸದು. ಅರಿತು ಬಿಟ್ಟದ್ದೇ ವ್ರತ.

ಹಾಗಾದರೆ ಆ ತಾಯಿಗೆ ಉತ್ತರವೇನು? ಮಗನ ರಕ್ಷಣೆಯನ್ನು ತ್ಯಜಿಸೆಂದು ಧರ್ಮವು ಹೇಳುವುದಿಲ್ಲ. ಮಂದವೇಗ, ಉರಿಯುವ ದೀಪ, ಹಿಡಿಯುವ ಬ್ರೇಕು, ಲಾರಿಯ ಕನ್ನಡಿಗೆ ಕಾಣದ ಜಾಗದಲ್ಲಿ ನಿಲ್ಲದಿರುವ ವಿವೇಕ—ಇವು ಅನ್ಯರನ್ನು ನೋಯಿಸದ ರಕ್ಷಣೆಗಳು. ಇವುಗಳನ್ನು ಪಾಲಿಸಿಯೂ ಉದ್ಯೋಗಾರ್ಥವಾಗಿ ನಿತ್ಯವೂ ಹೆದ್ದಾರಿಯಲ್ಲಿ ಸಾಗುವವನಿಗೆ ನಿಯಮದ ಮಿತಿಯೊಳಗಿನ ಹಾರ್ನೊಂದು ಅಗತ್ಯವೆಂದು ವಿಚಾರದಿಂದ ತೋರಿದರೆ, ಅದು ಗೃಹಸ್ಥನಿಗೆ ಅನಿವಾರ್ಯವಾದ ಉದ್ಯೋಗಿ ಹಿಂಸೆಯ ಕಕ್ಷೆಗೆ ಬರುವುದು. ಆಗ ವ್ರತದ ಭಾರವು ವಸ್ತುವಿನ ಮೇಲಲ್ಲ, ಅದನ್ನು ಬಳಸುವ ಬೆರಳಿನ ಮೇಲಿರುತ್ತದೆ.

ಕಾಲಮಿತಿಯುಳ್ಳ ತ್ಯಾಗವು ನಿಯಮ, ಆಜೀವ ತ್ಯಾಗವು ಯಮ. ಅಷ್ಟಮಿ, ಚತುರ್ದಶಿಗಳಂದು ಹಾಗೂ ದಶಲಕ್ಷಣ ಪರ್ವದ ಹತ್ತು ದಿನ, ಅಪಾಯದ ಸಂದರ್ಭವನ್ನುಳಿದು ಹಾರ್ನನ್ನು ಮುಟ್ಟುವುದಿಲ್ಲವೆಂಬ ನಿಯಮವು ಬಾಲಕರಿಗೂ ವೃದ್ಧರಿಗೂ ಸಾಧ್ಯವಿರುವಂತಹುದು. ಸಂಜೆ ಪ್ರತಿಕ್ರಮಣದ ವೇಳೆ ಅಂದು ಎಷ್ಟು ಬಾರಿ ಹಾರ್ನು ಮಾಡಲಾಯಿತು, ಅವುಗಳಲ್ಲಿ ಅಪಾಯಕ್ಕಾಗಿ ಎಷ್ಟು, ಅಸಹನೆಗಾಗಿ ಎಷ್ಟು ಎಂದು ಎಣಿಸಿಕೊಂಡರೆ ಸಾಕು. ನಾಲಿಗೆಯು ಅನ್ನವನ್ನು ಬಿಟ್ಟ ದಿನ ಬೆರಳು ಕ್ರೋಧವನ್ನು ಬಿಡದಿದ್ದರೆ ಉಪವಾಸವು ಅರ್ಧವೇ ಆದೀತು.