ನಿರೀಶ್ವರವಾದಿಯ ನಿತ್ಯಸತ್ಯ: ಜಿ. ಎಚ್. ಹಾರ್ಡಿಯವರ ಹಾಸ್ಯದಲ್ಲಿ ದೇವರು

ದೇವರನ್ನು ಒಪ್ಪದವನು ದೇವರೊಡನೆ ಹಾಸ್ಯಕ್ಕಿಳಿದಾಗ ಅವನು ಯಾರೊಡನೆ ಮಾತನಾಡುತ್ತಿದ್ದಾನೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಇಲ್ಲದ್ದನ್ನು ಕೆಣಕಲು ಬರುವುದಿಲ್ಲ, ಕೆಣಕಿದರೆ ಅದು ಇದೆಯೆಂದು ಒಪ್ಪಿದಂತಾಗುತ್ತದೆ. ಈ ಇಕ್ಕಟ್ಟನ್ನು ದಿನನಿತ್ಯದ ಬದುಕಿನಲ್ಲೇ ಆಡಿ ತೋರಿಸಿದವರು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಜಿ. ಎಚ್. ಹಾರ್ಡಿ (1877–1947). ಶ್ರೀನಿವಾಸ ರಾಮಾನುಜನ್ 1913ರಲ್ಲಿ ಮದರಾಸಿನಿಂದ ಬರೆದ ಪತ್ರದ ಬೆಲೆಯನ್ನು ಅರಿತವರೆಂದು ಭಾರತದಲ್ಲಿ ಹೆಸರಾದ ಇವರು ಕಾಲೇಜಿನ ಪ್ರಾರ್ಥನಾಮಂದಿರದೊಳಗೆ ಕಾಲಿಡಲೂ ಒಪ್ಪದಷ್ಟು ಕಟ್ಟುನಿಟ್ಟಿನ ನಿರೀಶ್ವರವಾದಿ, ಅಂದರೆ ಈಶ್ವರನೆಂಬ ತತ್ತ್ವವನ್ನೇ ಅಲ್ಲಗಳೆದವರು. ಹಾಗಿದ್ದೂ ಅವರ ಮಾತುಕತೆಯಲ್ಲಿ ದೇವರು ಖಾಸಾ ಎದುರಾಳಿಯಾಗಿ ಪದೇ ಪದೇ ಬರುತ್ತಿದ್ದನು.

ಕೇಂಬ್ರಿಜ್‌ನ ಫೆನ್ನರ್ಸ್ ಮೈದಾನಕ್ಕೆ ಕ್ರಿಕೆಟ್ ನೋಡಲು ಹೋಗುವಾಗ, ಬಿಸಿಲು ಚೆನ್ನಾಗಿದ್ದರೂ, ಹಾರ್ಡಿ ಮೂರು ನಾಲ್ಕು ಸ್ವೆಟರುಗಳನ್ನೂ ಒಂದು ಕೊಡೆಯನ್ನೂ ಓದಿ ಮುಗಿಸಬೇಕಾದ ಗಣಿತದ ಕಾಗದಗಳ ಕಟ್ಟನ್ನೂ ಹೊತ್ತು ಹೋಗುತ್ತಿದ್ದರೆಂದು ಅವರ ಗೆಳೆಯ, ಕಾದಂಬರಿಕಾರ ಸಿ. ಪಿ. ಸ್ನೋ ಬರೆದಿದ್ದಾರೆ. ಮಳೆ ಬಂದರೆ ಕೆಲಸವಾಗುತ್ತದೆಂದು ಹಾರ್ಡಿ ಕಾದಿರುವಂತೆ ಕಂಡರೆ, ಅವರ ಬಯಕೆಯನ್ನು ಕೆಡಿಸಲೆಂದೇ ದೇವರು ಮೋಡ ಕವಿಯದಂತೆ ನೋಡಿಕೊಳ್ಳುತ್ತಾನೆ ಎಂಬುದು ಅದರ ಹಿಂದಿನ ಲೆಕ್ಕ. ಇನ್ನೊಂದು ಪ್ರಸಂಗ ಇದಕ್ಕಿಂತ ಪ್ರಸಿದ್ಧ. ಡೆನ್ಮಾರ್ಕಿನಿಂದ ಮರಳುವಾಗ ಕಡಲು ಪ್ರಕ್ಷುಬ್ಧವಾಗಿದ್ದುದನ್ನು ಕಂಡು, ರೀಮಾನ್ ಊಹೆಯನ್ನು ತಾವು ಸಾಧಿಸಿರುವುದಾಗಿ ಒಂದು ಕಾರ್ಡು ಬರೆದು ಅಂಚೆಗೆ ಹಾಕಿ ಅವರು ಹಡಗು ಹತ್ತಿದರು. 1859ರಲ್ಲಿ ಜರ್ಮನಿಯ ಬರ್ನಾರ್ಡ್ ರೀಮಾನ್ ಮುಂದಿಟ್ಟ ಈ ಊಹೆಯ ಪ್ರಕಾರ, ಅವಿಭಾಜ್ಯ ಸಂಖ್ಯೆಗಳ ಹರವನ್ನು ನಿಯಂತ್ರಿಸುವ ಝೀಟಾ ಫಲನದ ಮುಖ್ಯ ಶೂನ್ಯಗಳು, ಎಂದರೆ ಆ ಫಲನದ ಬೆಲೆ ಸೊನ್ನೆಯಾಗುವ ಬಿಂದುಗಳು, ಎಲ್ಲವೂ ಒಂದೇ ನೇರ ಗೆರೆಯ ಮೇಲಿವೆ. ಅಂಥ ಅನಂತ ಬಿಂದುಗಳು ಆ ಗೆರೆಯ ಮೇಲಿರುವುದನ್ನು 1914ರಲ್ಲಿ ಸ್ವತಃ ಹಾರ್ಡಿಯೇ ಸಾಧಿಸಿದ್ದರೂ, ಎಲ್ಲವೂ ಅಲ್ಲಿಯೇ ಇವೆಯೆಂಬುದು ಇಂದಿಗೂ ಸಿದ್ಧವಾಗಿಲ್ಲ. ಹಡಗು ಮುಳುಗಿದರೆ ಸಾಧನೆಯ ಕೀರ್ತಿ ಶಾಶ್ವತವಾಗಿ ತಮಗೆ ಸಲ್ಲುತ್ತದೆ, ಅಂಥ ಕೀರ್ತಿಯನ್ನು ದೇವರು ತಮಗೆ ಎಂದಿಗೂ ಕೊಡಲಾರ, ಆದ್ದರಿಂದ ಹಡಗು ಮುಳುಗದು ಎಂದು ಅವರು ತರ್ಕಿಸಿದ್ದರು.

ಈ ಎರಡೂ ಲೆಕ್ಕಗಳು ‘ದೇವರಿದ್ದಾನೆ ಎಂದಿಟ್ಟುಕೊಳ್ಳೋಣ’ ಎಂಬ ಸಾಲಿನಿಂದಲೇ ಹೊರಡುತ್ತವೆ ಎಂಬುದನ್ನು ಗಮನಿಸಬೇಕು. ಅಲ್ಲಗಳೆಯಬೇಕಾದುದನ್ನೇ ಮೊದಲು ಒಪ್ಪಿಕೊಂಡು, ಅದರಿಂದ ಅಸಂಗತವೊಂದನ್ನು ಹೊರಡಿಸಿ, ಒಪ್ಪಿದ್ದೇ ತಪ್ಪೆಂದು ತೋರಿಸುವುದು ಗಣಿತದ ಬಹು ಹಳೆಯ ಸಾಧನಾಕ್ರಮ; ಚದುರಂಗದ ಆಟಗಾರ ಒಂದು ಕಾಯಿಯನ್ನು ಬಿಟ್ಟುಕೊಟ್ಟರೆ ಗಣಿತಜ್ಞ ಇಡೀ ಆಟವನ್ನೇ ಬಿಟ್ಟುಕೊಡಲು ಮುಂದಾಗುತ್ತಾನೆ ಎಂದು ಹಾರ್ಡಿ 1940ರ ತಮ್ಮ ಪುಸ್ತಕದಲ್ಲಿ ಅದನ್ನು ಕೊಂಡಾಡಿದ್ದಾರೆ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ತರ್ಕವೆಂದು ಹೆಸರು. ಎದುರು ಪಕ್ಷವನ್ನು ಒಪ್ಪಿದರೆ ಬಂದೊದಗುವ ಅನಿಷ್ಟವನ್ನು ತೋರಿಸುವ ಈ ಕ್ರಮ ಪ್ರಮಾಣಕ್ಕೆ ನೆರವಾಗುತ್ತದೆಯೇ ಹೊರತು ತಾನೇ ಪ್ರಮಾಣವಲ್ಲವೆಂದು ನೈಯಾಯಿಕರು ಎಚ್ಚರಿಸುತ್ತಾರೆ. ಆ ಎಚ್ಚರಿಕೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹಡಗು ಕ್ಷೇಮವಾಗಿ ದಡ ಸೇರಿತು. ಅಂಥ ದೇವರಿದ್ದರೆ ಅದು ಸೇರಲೇಬೇಕಿತ್ತು, ಇಲ್ಲದಿದ್ದರೂ ಸೇರಬಹುದಿತ್ತು. ಅಸಂಗತ ಹುಟ್ಟಲೇ ಇಲ್ಲವಾದ್ದರಿಂದ ಸಾಧನೆಯೂ ಪೂರ್ಣವಾಗಲಿಲ್ಲ. ಇದನ್ನು ಹಾರ್ಡಿ ಅರಿಯದವರಲ್ಲ: ಗೆಳೆಯರೊಬ್ಬರಿಗೆ ಕಳಿಸಿದ ಹೊಸ ವರ್ಷದ ಸಂಕಲ್ಪಗಳ ಪಟ್ಟಿಯಲ್ಲಿ ರೀಮಾನ್ ಊಹೆಯನ್ನು ‘ಸಾಧಿಸುವುದು’ ಮೊದಲನೆಯದಾದರೆ, ಓವಲ್ ಮೈದಾನದಲ್ಲಿ ಔಟಾಗದೆ 211 ರನ್ ಗಳಿಸುವುದರ ನಂತರ ಬರುವ ಸಂಕಲ್ಪದಲ್ಲಿ ದೇವರಿಲ್ಲವೆಂದು ಸಾಮಾನ್ಯ ಜನರನ್ನು ‘ಒಪ್ಪಿಸುವ’ ವಾದವನ್ನು ಮಾತ್ರ ಅವರು ಬಯಸುತ್ತಾರೆ. ಸಾಧಿಸುವುದೇ ಬೇರೆ, ಒಪ್ಪಿಸುವುದೇ ಬೇರೆ.

ಇಂಥ ಜಗಳವನ್ನು ಭಕ್ತಿಯ ಮಾರುವೇಷವೆಂದು ಓದುವ ಆಸೆ ಭಾರತೀಯ ಓದುಗರಿಗೆ ಸಹಜ. ನಿಂದಿಸುತ್ತಲೇ ಹೊಗಳುವ ನಿಂದಾಸ್ತುತಿ ದಾಸಸಾಹಿತ್ಯದಲ್ಲಿ ಹೇರಳವಾಗಿದೆ. ಈಶ್ವರನಿದ್ದಾನೆಂದು ತರ್ಕದಿಂದ ಸ್ಥಾಪಿಸಲು ‘ನ್ಯಾಯಕುಸುಮಾಂಜಲಿ’ಯನ್ನು ಬರೆದ ಉದಯನಾಚಾರ್ಯರು, ಪುರಿಯಲ್ಲಿ ಗುಡಿಯ ಬಾಗಿಲು ಮುಚ್ಚಿದ್ದಾಗ, ಬೌದ್ಧರು ಎದುರು ನಿಂತರೆ ನಿನ್ನ ಇರವು ನನ್ನ ಕೈಯಲ್ಲಿದೆ ಎಂದು ಜಗನ್ನಾಥನನ್ನೇ ಗದರಿಸಿದರೆಂಬ ಐತಿಹ್ಯವೂ ಉಂಟು. ಆದರೆ ಉದಯನರದು ಸಲಿಗೆಯ ಮಾತು, ಹಾರ್ಡಿಯವರದು ಹಾಗಲ್ಲ. ವಿರೋಧಭಕ್ತಿ, ಎಂದರೆ ಹಗೆಯಿಂದಲೇ ಹರಿಯನ್ನು ಸೇರುವುದು, ಎಂಬ ಮಾತನ್ನೂ ಇಲ್ಲಿಗೆ ಎಳೆತರುವುದು ಸಲ್ಲದು. ಶಿಶುಪಾಲನಂಥವರಿಗೆ ದ್ವೇಷದಿಂದ ಸದ್ಗತಿಯಾಯಿತೆಂಬುದನ್ನು ಮಧ್ವಾಚಾರ್ಯರೇ ಒಪ್ಪಿಲ್ಲ. ಭಕ್ತನಲ್ಲವೆಂದು ಜೀವಮಾನವಿಡೀ ಹೇಳಿಕೊಂಡವರನ್ನು ಸತ್ತ ಮೇಲೆ ಭಕ್ತರ ಸಾಲಿಗೆ ಸೇರಿಸುವುದು ಅವರ ಪ್ರಾಮಾಣಿಕತೆಗೆ ಮಾಡುವ ಅನ್ಯಾಯ.

ಹಾರ್ಡಿಯವರಿಗೆ ನಿಜವಾಗಿ ಹತ್ತಿರವಾದವರು ಮೀಮಾಂಸಕರು. ವೇದವು ಅಪೌರುಷೇಯ, ಅಂದರೆ ಮನುಷ್ಯನಾಗಲಿ ದೇವರಾಗಲಿ ರಚಿಸಿದ್ದಲ್ಲ ಎಂದ ಕುಮಾರಿಲಭಟ್ಟರು, ಅದರ ನಿತ್ಯತೆಗೆ ಈಶ್ವರನ ಆಸರೆ ಬೇಡವೆಂದು ವಾದಿಸಿದರು. ಗಣಿತದ ಸತ್ಯವೂ ಮನುಷ್ಯನ ಹೊರಗೆ ತನ್ನಷ್ಟಕ್ಕೆ ಇದೆ, ಗಣಿತಜ್ಞ ಅದನ್ನು ಕಂಡು ಬರೆದುಕೊಳ್ಳುತ್ತಾನೆ ಎಂಬುದು ಹಾರ್ಡಿಯವರ ದೃಢ ನಂಬಿಕೆ. 317 ಅವರು ಕೊಟ್ಟ ಉದಾಹರಣೆ. ಆ ಸಂಖ್ಯೆಯನ್ನು 2, 3, 5, 7ರಿಂದ ಭಾಗಿಸಿದರೆ ಕ್ರಮವಾಗಿ 1, 2, 2, 2 ಶೇಷ ಉಳಿಯುತ್ತದೆ, 11, 13, 17ರಿಂದ ಭಾಗಿಸಿದರೆ 9, 5, 11. 18ರ ವರ್ಗ 324 ಆಗಿ 317ನ್ನು ಮೀರುವುದರಿಂದ ಮುಂದೆ ನೋಡುವ ಅಗತ್ಯವೇ ಇಲ್ಲ. ಯಾರ ಇಚ್ಛೆಯೂ, ಯಾರ ಶಾಸನವೂ ಇಲ್ಲದೆ 317 ಅವಿಭಾಜ್ಯವಾಗಿದೆ. ಪ್ರಾರ್ಥನಾಮಂದಿರವನ್ನು ತೊರೆದವರು ಹೀಗೆ ಕಾಲಕ್ಕೆ ಸಿಕ್ಕದ, ಕಣ್ಣಿಗೆ ಕಾಣದ, ಬದಲಾಗದ ಒಂದು ಲೋಕಕ್ಕೆ ತಮ್ಮ ಆಯುಷ್ಯವನ್ನು ಒಪ್ಪಿಸಿಕೊಂಡಿದ್ದರು.

ರಾಮಾನುಜನ್ ಅವರ ಮನೆತನ ನಾಮಕ್ಕಲ್ಲಿನ ನಾಮಗಿರಿ ದೇವಿಗೆ ನಡೆದುಕೊಳ್ಳುವ ಮನೆತನ. ಕನಸಿನಲ್ಲಿ ದೇವಿ ಸೂತ್ರಗಳನ್ನು ತೋರುತ್ತಾಳೆಂದು ಅವರು ಹೇಳುತ್ತಿದ್ದುದನ್ನು ಭಾರತದ ಗೆಳೆಯರು ದಾಖಲಿಸಿದ್ದಾರೆ, ಹಾರ್ಡಿ ಅದಕ್ಕೆ ಬೆಲೆ ಕೊಡಲಿಲ್ಲ. ನಂಬಿಕೆ ಬೇರೆಯಾದರೂ ಇಬ್ಬರೂ ಕಂಡ ಸತ್ಯ ಒಂದೇ: 200ನ್ನು ಧನ ಪೂರ್ಣಾಂಕಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಪರೀಕ್ಷಿಸಲು ಇಬ್ಬರೂ ತಮ್ಮ 1918ರ ಲೇಖನದ ಸೂತ್ರವನ್ನು ಹಚ್ಚಿದಾಗ, ಗಣಿತಜ್ಞ ಪರ್ಸಿ ಮೆಕ್‌ಮೇಹನ್ ಕೈಲೆಕ್ಕದಿಂದ ಬೇರೆಯಾಗಿಯೇ ತೆಗೆದಿದ್ದ 39,72,99,90,29,388 ಎಂಬ ಉತ್ತರವೇ ಕೊನೆಯ ಅಂಕಿಯವರೆಗೂ ಬಂದಿತು.