ಕೀಯರ್ ಮತ್ತು ಕರ್ತೃತ್ವದ ಪ್ರಶ್ನೆ

ಮೋರ್ಸ್ ಸಂಕೇತಗಳನ್ನು ತಾನೇ ಅಳತೆಗೆ ಸರಿಯಾಗಿ ರೂಪಿಸಿ ಟ್ರಾನ್ಸ್‌ಮಿಟರಿಗೆ ಕೊಡುವ ಉಪಕರಣವೇ ಕೀಯರ್. ಹ್ಯಾಮ್ ರೇಡಿಯೊ ಹವ್ಯಾಸಿ ಅದಕ್ಕೆ ಜೋಡಿಸಿದ ಪ್ಯಾಡಲ್‌ನ ಒಂದು ಪಕ್ಕವನ್ನು ಒತ್ತಿ ಹಿಡಿದರೆ ಚಿಕ್ಕ ಸಂಕೇತಗಳಾದ ಡಿಟ್‌ಗಳ ಸಾಲು, ಇನ್ನೊಂದು ಪಕ್ಕವನ್ನು ಒತ್ತಿದರೆ ಉದ್ದ ಸಂಕೇತಗಳಾದ ಡಾಗಳ ಸಾಲು ಹೊರಡುತ್ತದೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಡಿಟ್ 60 ಮಿಲಿಸೆಕೆಂಡ್, ಡಾ 180. ಈ ಅಳತೆ ಬೆರಳಿನದಲ್ಲ, ಯಂತ್ರದ್ದು. ಹಾಗಾದರೆ ಸಂದೇಶದ ಕರ್ತೃ ಯಾರು?

ಟೆಲಿಗ್ರಾಫಿನ ಆರಂಭದಲ್ಲೇ ಈ ಪ್ರಶ್ನೆಯ ಸುಳಿವಿದೆ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಕಳಿಸಿದ್ದು ದೇವರ ಕಾರ್ಯಕ್ಕೆ ಬೆರಗಾಗುವ ಬೈಬಲ್ ವಾಕ್ಯವನ್ನು. ತಂತಿ ಎಳೆದವರು ಮನುಷ್ಯರು, ಹಿರಿಮೆ ಸಂದದ್ದು ದೇವರಿಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೊರೇಸ್ ಮಾರ್ಟಿನ್ ರೂಪಿಸಿದ ಮೋರ್ಸ್ ಕೀ ವೈಬ್ರೊಪ್ಲೆಕ್ಸ್‌ನಲ್ಲಿ ಡಿಟ್‌ಗಳನ್ನು ಕಂಪಿಸುವ ಸರಳು ಹೊಡೆಯುತ್ತಿತ್ತು, ಡಾಗಳನ್ನು ಕೈಯೇ ಹೊಡೆಯಬೇಕಿತ್ತು. ಎಲೆಕ್ಟ್ರಾನಿಕ್ ಕೀಯರ್ ಆ ಕೆಲಸವನ್ನೂ ವಹಿಸಿಕೊಂಡಿತು.

ಭಗವದ್ಗೀತೆಯ ಹದಿನೆಂಟನೇ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ (ನೆಲೆ), ಕರ್ತೃ, ಕರಣ (ಸಾಧನ), ಚೇಷ್ಟೆ, ದೈವ. ತಾನೊಬ್ಬನೇ ಕರ್ತೃ ಎಂದುಕೊಳ್ಳುವವನ ತಿಳಿವಳಿಕೆ ಸರಿಯಲ್ಲ ಎಂಬುದು ಅದರ ನಿಲುವು. ಕೀಯರ್ ಕಟ್ಟುವವರಿಗೆ ಈ ವಿಂಗಡಣೆ ಅರ್ಥವಾಗುವುದು ದೋಷ ಹುಡುಕುವಾಗ.

ಪ್ಯಾಡಲ್‌ನ ಎರಡು ತಂತಿಗಳು ಅದಲುಬದಲಾದರೆ ‘ಎ’ ಹೊಡೆದಾಗ ‘ಎನ್’ ಹೋಗುತ್ತದೆ. ಇದು ಕರಣದ ದೋಷ, ಬೆಸುಗೆ ಬಿಚ್ಚಿ ಹಾಕಿದರೆ ಮುಗಿಯಿತು. ಮುಟ್ಟದೆಯೇ ಡಿಟ್‌ಗಳು ಹೊರಟು, ಪವರ್ ಇಳಿಸಿದೊಡನೆ ನಿಂತರೆ, ಆಂಟೆನಾದ ರೇಡಿಯೊ ಶಕ್ತಿಯೇ ಪ್ಯಾಡಲ್ ತಂತಿಯೊಳಗೆ ನುಗ್ಗುತ್ತಿರುವ ಸಂಭವವೇ ಹೆಚ್ಚು. ಎರಡೂ ತಂತಿಗಳಿಂದ ಗ್ರೌಂಡಿಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕುವುದು ಇದಕ್ಕೆ ರೂಢಿಯ ಪರಿಹಾರ. ಇಲ್ಲಿ ತಪ್ಪು ಪರಿಸರದ್ದು.

ಮೂರನೆಯ ದೋಷ ಹೆಚ್ಚು ಸೂಕ್ಷ್ಮವಾದುದು. ‘ಸಿ’ ಅಕ್ಷರ ಡಾ-ಡಿಟ್-ಡಾ-ಡಿಟ್. ಎರಡೂ ಪಕ್ಕಗಳನ್ನು ಒಟ್ಟಿಗೆ ಒತ್ತಿದರೆ ಕೀಯರ್ ಡಾ, ಡಿಟ್‌ಗಳನ್ನು ಒಂದಾದ ಮೇಲೊಂದು ಹೊಡೆಯುತ್ತದೆ; ಕೈ ಬಿಟ್ಟಾಗ ಏನಾಗುತ್ತದೆ ಎಂಬುದು ಅದರ ಎ, ಬಿ ಎಂಬ ಎರಡು ಮೋಡ್‌ಗಳಲ್ಲಿ ಬೇರೆ ಬೇರೆ. ಎರಡನೇ ಡಾ ನಡೆಯುತ್ತಿರುವಾಗಲೇ ಬಿಟ್ಟರೆ ಬಿ ಮೋಡ್‌ನ ಕೀಯರ್ ಕೊನೆಯ ಡಿಟ್ಟನ್ನು ತಾನೇ ಸೇರಿಸುತ್ತದೆ. ಅದೇ ಕೈ ಎ ಮೋಡ್‌ನಲ್ಲಿ ಹೊಡೆದರೆ ‘ಕೆ’ ಹೋಗುತ್ತದೆ. ಯಂತ್ರ ತನ್ನ ಪ್ರೋಗ್ರಾಮಿನಂತೆ ನಡೆದಿದೆ, ಬೆರಳು ತನ್ನ ಅಭ್ಯಾಸದಂತೆ. ಎರಡರಲ್ಲೂ ತಪ್ಪಿಲ್ಲ, ಅವು ಪರಸ್ಪರ ಹೊಂದಿಲ್ಲ, ಅಷ್ಟೆ.

ಕಾರಣಗಳು ಹೀಗೆ ಹಂಚಿಹೋದರೂ ಹೊಣೆ ಹಂಚಿಹೋಗುವುದಿಲ್ಲ. ಮೆಮೊರಿ ಕೀಯರ್ ಒಂದೇ ಗುಂಡಿಗೆ ‘ಸಿಕ್ಯು’ (ಯಾರಾದರೂ ಉತ್ತರಿಸಿ ಎಂಬ) ಕರೆಯನ್ನು ಮತ್ತೆ ಮತ್ತೆ ಕೂಗಬಲ್ಲದು. ಹೊರಟ ಕರೆಗೆ ಉತ್ತರವಾದಿ ಮಾತ್ರ ಲೈಸೆನ್ಸ್ ಪಡೆದವರೇ. ಡಿಟ್-ಡಾಗಳ ಉದ್ದವನ್ನು ಯಂತ್ರ ನಿರ್ಧರಿಸಿದರೂ ಯಾವ ಅಕ್ಷರ, ಯಾವಾಗ, ಯಾರಿಗೆ ಎಂಬುದು ಅವರ ಆಯ್ಕೆ. ಕ್ರಿಯೆಯ ಎಷ್ಟು ಭಾಗವನ್ನು ಕೈ ಮಾಡಿತು ಎಂಬುದರಿಂದ ಕರ್ತೃತ್ವವನ್ನು ಅಳೆಯಲಾಗದು. ಸಂಕಲ್ಪ ಯಾರದೋ, ತಪ್ಪಾದಾಗ ತಿದ್ದುವ ಹೊಣೆ ಯಾರದೋ, ಕರ್ತೃತ್ವವೂ ಅವರದೇ.