ದನಿಯ ಹಿಂದಿನ ದುಡಿಮೆ

ಗದಗ-ಬೆಟಗೇರಿಯಲ್ಲಿ ಹಾಡಿನ ಮಾತು ಶುರುವಾದರೆ ಅದು ಬೇಗನೆ ಒಂದು ತಕರಾರಿಗೆ ಬಂದು ನಿಲ್ಲುತ್ತದೆ: ಯಾರು ದೊಡ್ಡವರು? ‘ಭೀಮಣ್ಣನ ಮುಂದ ಯಾರದೂ ನಡ್ಯಂಗಿಲ್ರಿ’ ಎಂದು ಒಬ್ಬರು ಅಂದರೆ, ‘ಮನಸೂರ ಅಣ್ಣಾರ ಹಂಗ ರಾಗ ಬಿಚ್ಚಿ ತೋರಸಾವ್ರು ಇನ್ನೊಬ್ರು ಯಾರದಾರ ಹೇಳ್ರಿ’ ಎಂದು ಮತ್ತೊಬ್ಬರು ಪಟ್ಟು ಹಿಡಿಯುತ್ತಾರೆ. ಮೂರನೆಯವರು ರಾಜಗುರು ಅವರ ಹೆಸರು ಹೇಳುತ್ತಾರೆ. ಈ ತಕರಾರು ಇಲ್ಲಿ ಹುಟ್ಟುವುದು ಸಹಜ. ಭೀಮಸೇನ ಜೋಶಿ ಹುಟ್ಟಿದ ರೋಣ, ಸವಾಯಿ ಗಂಧರ್ವರ ಕುಂದಗೋಳ, ಬಸವರಾಜ ರಾಜಗುರು ಅವರ ಯಲಿವಾಳ, ಮಲ್ಲಿಕಾರ್ಜುನರ ಮನಸೂರು, ಇವೆಲ್ಲ ಗದುಗಿನಿಂದ ಬಸ್ಸು ಹತ್ತಿ ಹೋಗಿ ಹೊತ್ತು ಮುಳುಗುವುದರೊಳಗೆ ಮರಳಬಹುದಾದ ಊರುಗಳು.

ಪಟ್ಟಿ ಮಾಡುವುದು ತಪ್ಪಲ್ಲ. ಪ್ರೀತಿ ಇದ್ದಲ್ಲಿ ಆಯ್ಕೆ ಇರುತ್ತದೆ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2008ರಲ್ಲಿ ಮಹಾನ್ ಗಾಯಕರ ಪಟ್ಟಿ ಮಾಡಿದಾಗ ಸೋಲ್ ಸಂಗೀತದ ಅರೀತಾ ಫ್ರಾಂಕ್ಲಿನ್ ಅವರನ್ನು ಮೊದಲ ಸ್ಥಾನದಲ್ಲಿಟ್ಟಿತು. 2023ರ ಪಟ್ಟಿಯಲ್ಲೂ ಆ ಸ್ಥಾನ ಅವರದೇ. ನನ್ನ ಆಕ್ಷೇಪ ಇರುವುದು ಪಟ್ಟಿಗೆ ನಾವು ಕೊಡುವ ಕಾರಣದ ಬಗ್ಗೆ. ‘ದೇವರು ಕೊಟ್ಟ ಕಂಠ’, ‘ಪೂರ್ವಜನ್ಮದ ಪುಣ್ಯ’, ‘ಸರಸ್ವತಿ ನಾಲಗೆಯ ಮೇಲೆ ಕುಳಿತಿದ್ದಾಳೆ’ ಎಂದು ಹೇಳಿ ಕೈ ಮುಗಿಯುತ್ತೇವೆ. ಅಲ್ಲಿಗೆ ವಿಚಾರ ನಿಂತುಹೋಗುತ್ತದೆ. ಹಾಡಿದವರ ದುಡಿಮೆ, ಕಲಿಸಿದವರ ತಾಳ್ಮೆ, ಅನ್ನ ಹಾಕಿದವರ ಔದಾರ್ಯ, ಮೂರೂ ಆ ಒಂದು ಮಾತಿನಡಿ ಮುಚ್ಚಿಹೋಗುತ್ತವೆ.

ನನ್ನ ಪಟ್ಟಿಯನ್ನೂ ಹೇಳಿಬಿಡುತ್ತೇನೆ. ಮೊದಲು ಗಂಗೂಬಾಯಿ ಹಾನಗಲ್. ಅವರ ದನಿಯಲ್ಲಿ ಅಲಂಕಾರಕ್ಕಿಂತ ಮೊದಲು ತೂಕ ಕೇಳಿಸುತ್ತದೆ. ಒಂದು ಸ್ವರವನ್ನು ಅವರು ನಿಲ್ಲಿಸಿದರೆ ಅದನ್ನು ಯಾರೂ ಅಲುಗಿಸಲಾರರು. ಎರಡನೆಯವರು ಮಲ್ಲಿಕಾರ್ಜುನ ಮನಸೂರ. ಅಪರೂಪದ ರಾಗವನ್ನೂ ಮನೆಮಂದಿಯ ಮಾತಿನಷ್ಟು ಸಲೀಸಾಗಿ ಆಡಿದವರು, ವಚನದ ಅರ್ಥ ಕೆಡದಂತೆ ಅದಕ್ಕೆ ರಾಗ ತೊಡಿಸಿದವರು. ಮೂರನೆಯವರು ಭೀಮಸೇನ ಜೋಶಿ. ಖರ್ಜದಿಂದ ತಾರಸಪ್ತಕದವರೆಗೆ ಒಂದೇ ಉಸಿರಿನಲ್ಲಿ ಏರುವ ಅವರ ತಾನ ಇಡೀ ಸಭೆಯನ್ನು ನೆಟ್ಟಗೆ ಕೂರಿಸುತ್ತದೆ. ಆಮೇಲೆ ಬಸವರಾಜ ರಾಜಗುರು, ಅವರ ನಂತರ ವೆಂಕಟೇಶ ಕುಮಾರ. ಗದುಗಿನಲ್ಲಿ ಭೀಮಸೇನರನ್ನು ಮೂರನೆಯ ಜಾಗಕ್ಕೆ ಇಳಿಸಿದರೆ ಸಿಟ್ಟಾಗುವವರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಈ ಐವರ ಕಂಠ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಯನ್ನು ಮಾತ್ರ ಅವರ ಮುಂದಿಡುತ್ತೇನೆ.

ಭೀಮಸೇನರ ಕತೆಯಿಂದಲೇ ಶುರುಮಾಡೋಣ. ಶಾಲಾ ಮಾಸ್ತರರಾಗಿದ್ದ ಗುರುರಾಜ ಜೋಶಿಯವರ ಮಗ ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿದ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷದ ಹಾಡು. ಅಷ್ಟು ಹಾಡು ಹನ್ನೊಂದು ವರ್ಷದ ಹುಡುಗನನ್ನು 1933ರಲ್ಲಿ ಮನೆಬಿಟ್ಟು ಓಡುವಂತೆ ಮಾಡಿತು. ಕೈಯಲ್ಲಿ ಕಾಸಿಲ್ಲದೆ, ರೈಲಿನಲ್ಲಿ ಹಾಡುತ್ತ, ಗ್ವಾಲಿಯರ್, ಕಲ್ಕತ್ತಾ, ಜಲಂಧರ್ ಎಂದು ಗುರುವನ್ನು ಹುಡುಕಿಕೊಂಡು ಅಲೆದ. ಕೊನೆಗೆ 1936ರಲ್ಲಿ ಗುರು ಸಿಕ್ಕದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಅವರು ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು.

ಅರಗಿನ ತಟ್ಟೆಯಿಂದ ಆ ಹುಡುಗನ ಎದೆಗೆ ದಾಟಿದ್ದು ಏನು? ಗಂಟಲಿನ ಎರಡು ಸಣ್ಣ ಮಡಿಕೆಗಳು ಉಸಿರಿಗೆ ಕಂಪಿಸುತ್ತವೆ. ಬಾಯಿ, ಮೂಗು, ಗಂಟಲ ಪೊಳ್ಳು ಆ ಕಂಪನಕ್ಕೆ ಆಕಾರ ಕೊಡುತ್ತವೆ. ನಿಯತ ಶ್ರುತಿಯಲ್ಲಿ ನಿಂತ ಸ್ವರ ಕಿವಿಯನ್ನು ಹಿಡಿದಿಡುತ್ತದೆ. ಇಷ್ಟು ಭೌತಶಾಸ್ತ್ರ. ಮುಂದಿನದು ನಿರೀಕ್ಷೆಯ ಕೆಲಸ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ತಮಗೆ ಮೈ ಜುಮ್ಮೆನಿಸುವ ಸಂಗೀತವನ್ನು ಕೇಳುತ್ತಿರುವವರ ಮಿದುಳನ್ನು ಪರೀಕ್ಷಿಸಿದರು. ಜುಮ್ಮೆನ್ನುವ ಗಳಿಗೆಯಲ್ಲಷ್ಟೇ ಅಲ್ಲ, ಅದು ಬರಲಿದೆ ಎಂದು ಕಾಯುವ ಗಳಿಗೆಯಲ್ಲೂ ಮಿದುಳಿನಲ್ಲಿ ಡೋಪಮಿನ್ ಸ್ರವಿಸುತ್ತದೆ ಎಂದು ಕಂಡುಕೊಂಡರು.

ನಮ್ಮ ಗವಾಯಿಗಳು ಇದನ್ನು ಪ್ರಯೋಗಾಲಯವಿಲ್ಲದೆ ಬಲ್ಲವರು. ಮಾರವಾ ರಾಗವನ್ನು ನೋಡಿ. ತಂಬೂರಿ ಷಡ್ಜವನ್ನು ಎಡೆಬಿಡದೆ ನುಡಿಯುತ್ತಿದೆ. ಕೇಳುವ ಕಿವಿ ಹಾಡುಗಾರನೂ ಅಲ್ಲಿಗೇ ಬಂದು ನಿಲ್ಲಲಿ ಎಂದು ಹಂಬಲಿಸುತ್ತದೆ. ಆತ ಕೋಮಲ ರಿಷಭದ ಮೇಲೆ ನಿಲ್ಲುತ್ತಾನೆ, ಧೈವತದ ಮೇಲೆ ನಿಲ್ಲುತ್ತಾನೆ, ಷಡ್ಜವನ್ನು ಬಳಸಿಕೊಂಡು ಹೋಗುತ್ತಾನೆ; ಆಸರೆಗೆ ಪಂಚಮವೂ ಈ ರಾಗದಲ್ಲಿಲ್ಲ. ನಮ್ಮೊಳಗೊಂದು ತಳಮಳ ಏಳುತ್ತದೆ. ಬಹಳ ಹೊತ್ತಿನ ಮೇಲೆ ಆತ ಷಡ್ಜಕ್ಕೆ ಬಂದಾಗ, ತಡೆಹಿಡಿದಿದ್ದ ಉಸಿರನ್ನು ಇಡೀ ಸಭೆ ಒಮ್ಮೆಲೇ ಬಿಡುತ್ತದೆ. ಎಷ್ಟು ಹೊತ್ತು ಕಾಯಿಸಬೇಕು ಎಂಬ ಅಂದಾಜು ವರ್ಷಗಟ್ಟಲೆ ರಿಯಾಜಿನಿಂದ, ಗುರುವಿನ ಹಿಂದೆ ಕುಳಿತು ತಂಬೂರಿ ಮೀಟಿದ ಸಂಜೆಗಳಿಂದ ಬಂದದ್ದು. ಅದನ್ನು ವರವೆಂದು ಕರೆದರೆ ಆ ವರ್ಷಗಳಿಗೆ ಅವಮಾನ. ಹೀಗೆ ಬಿಡಿಸಿ ನೋಡಿದರೆ ರಾಗದ ಸೊಗಸು ಕೆಡುತ್ತದೆ ಎಂದು ಹೆದರಬೇಕಾಗಿಲ್ಲ. ಮಾರವಾದ ಹೆಣಿಗೆ ತಿಳಿದ ಮೇಲೂ ಮೈ ಜುಮ್ಮೆನ್ನುತ್ತದೆ, ಜೊತೆಗೆ ಹಾಡಿದವರ ಮೇಲಿನ ಗೌರವ ಹೆಚ್ಚುತ್ತದೆ.

ಈ ಸತ್ಯ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡರಾಗಿ ಜನಿಸಿದ ಪಂಚಾಕ್ಷರ ಗವಾಯಿಗಳಿಗೆ ಹಾನಗಲ್ ಮಠದ ಕುಮಾರಸ್ವಾಮಿಗಳ ಆಸರೆ ಸಿಕ್ಕಿತು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುತ್ತ ಪಾಠ ಹೇಳಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದವರು. ಮಕ್ಕಳ ಊಟಕ್ಕೆ ಹಣ ಬೇಕಾದಾಗ ನಾಟಕ ಕಂಪನಿ ನಡೆಸಿದರು, ನಾಟಕ ಬರೆದರು, ಹಾರ್ಮೋನಿಯಂ ನುಡಿಸಿದರು. 2010ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಆ ಮನೆಯ ಒಲೆ ಆರಗೊಡಲಿಲ್ಲ. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ತೊಗಲುಗೊಂಬೆ ಆಡಿಸುವ ಮನೆತನದ ವೆಂಕಟೇಶ ಕುಮಾರ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದು ಕಲಿತವರು.

ಅಲ್ಲಿಯ ಪಾಠವನ್ನು ಹತ್ತಿರದಿಂದ ನೋಡಬೇಕು. ಕಣ್ಣಿಲ್ಲದ ಹುಡುಗನಿಗೆ ತಬಲಾದ ಮೇಲೆ ಬೆರಳು ಎಲ್ಲಿ ಬೀಳಬೇಕೆಂದು ತೋರಿಸಲು ಬರುವುದಿಲ್ಲ. ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕರಣೆಯ ಅಂಚಿಗೆ ಮುಟ್ಟಿಸಬೇಕು. ಒಂದು ಪಲುಕನ್ನು ಗುರು ಹಾಡುತ್ತಾರೆ, ಹುಡುಗ ಹಾಡುತ್ತಾನೆ, ರಿಷಭ ಒಂದು ಎಳೆ ಇಳಿದಿದ್ದರೆ ಮತ್ತೆ ಹಾಡುತ್ತಾರೆ. ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುತ್ತಾನೆ. ಭಕ್ತರು ಇದರಲ್ಲಿ ಪವಾಡ ಕಾಣುತ್ತಾರೆ. ನಾನು ಕಾಣುವುದು ಮನುಷ್ಯರು ಮನುಷ್ಯರಿಗಾಗಿ ಪಟ್ಟ ಶ್ರಮ. ನನ್ನ ಕಣ್ಣಿಗೆ ಅದು ಪವಾಡಕ್ಕಿಂತ ದೊಡ್ಡದು, ಏಕೆಂದರೆ ಪವಾಡವನ್ನು ಇನ್ನೊಬ್ಬರು ಮಾಡಲಾರರು, ಶ್ರಮವನ್ನು ಯಾರು ಬೇಕಾದರೂ ಮುಂದುವರಿಸಬಹುದು. 1905ರಲ್ಲಿ ಗದುಗಿನ ಪಕ್ಕದ ಕಣಗಿನಹಾಳದ ರೈತರು ತಲಾ ಒಂದಿಷ್ಟು ಹಾಕಿ ಸಹಕಾರಿ ಸಂಘ ಕಟ್ಟಿದರು. ಒಳ್ಳೆಯ ಕಂಠವೂ ಹಾಗೆಯೇ ಹಲವರ ಪಾಲು ಕೂಡಿ ಆದ ಬಂಡವಾಳ. ಹಾಡುವವರು ಅದನ್ನು ಎಲ್ಲರ ಪರವಾಗಿ ದುಡಿಸುತ್ತಾರೆ.

ಸಾಗರದಾಚೆಯೂ ಇದೇ ಕತೆ. ಏಳನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡ ಅಮೆರಿಕದ ಗಾಯಕ ರೇ ಚಾರ್ಲ್ಸ್ ಫ್ಲಾರಿಡಾದ ಕಿವುಡ-ಕುರುಡ ಮಕ್ಕಳ ಶಾಲೆಯಲ್ಲಿ ಬ್ರೈಲ್ ಲಿಪಿಯ ಸ್ವರಲಿಪಿ ಕಲಿತರು. ಕಣ್ಣಿಲ್ಲದ ಮಕ್ಕಳಲ್ಲೂ ಕರಿಯರನ್ನು, ಬಿಳಿಯರನ್ನು ಬೇರೆ ಬೇರೆ ಇಟ್ಟಿದ್ದ ಶಾಲೆ ಅದು. ಅರೀತಾ ಫ್ರಾಂಕ್ಲಿನ್ ಬೆಳೆದದ್ದು ಡೆಟ್ರಾಯ್ಟ್‌ನಲ್ಲಿ ತಂದೆ ಪಾದ್ರಿಯಾಗಿದ್ದ ಚರ್ಚಿನ ಹಾಡುಗಳ ನಡುವೆ. ಅವರ ದನಿಯಲ್ಲಿ ನಮ್ಮನ್ನು ಕಲಕುವುದು ಗುಲಾಮಗಿರಿ ಕಂಡ ಒಂದು ಸಮುದಾಯ ತಲೆಮಾರುಗಳ ಕಾಲ ಕೂಡಿ ಹಾಡಿ ಕಾಪಿಟ್ಟ ಸಂಕಟ ಮತ್ತು ಛಲ.

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು. ‘ದೇವರು ಕಣ್ಣು ಕಿತ್ತುಕೊಂಡು ಕಂಠ ಕೊಟ್ಟ’ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಎಳವೆಯಲ್ಲೇ ದೃಷ್ಟಿ ಹೋದವರಲ್ಲಿ, ನೋಡಲು ಮೀಸಲಾದ ಮಿದುಳಿನ ಭಾಗ ಕೇಳುವ ಕೆಲಸಕ್ಕೂ ಒದಗುತ್ತದೆ ಎಂದು ವಿಜ್ಞಾನ ತೋರಿಸಿದೆ ನಿಜ. ಆದರೆ ಆ ನೆಲದಲ್ಲಿ ಬಿತ್ತುವವರಿಲ್ಲದಿದ್ದರೆ ಏನೂ ಬೆಳೆಯದು. ಕಣ್ಣಿಲ್ಲದ ಸಾವಿರಾರು ಮಕ್ಕಳು ಹಾಡದೆಯೇ, ಓದದೆಯೇ, ಯಾರದೋ ಮನೆಯ ಮೂಲೆಯಲ್ಲಿ ಬದುಕು ಸವೆಸಿದ್ದಾರೆ. ಅವರಿಗೆ ದೇವರು ಯಾಕೆ ಪರಿಹಾರ ಕೊಡಲಿಲ್ಲ? ಅವರಿಗೆ ಸಿಗದೆ ಹೋದದ್ದು ಒಬ್ಬ ಪಂಚಾಕ್ಷರ ಗವಾಯಿ. ಕುರುಡುತನವನ್ನು ವರವೆಂದು ಕೊಂಡಾಡುವ ಊರಿನಲ್ಲಿ ಮಗುವಿನ ಕಣ್ಣು ಉಳಿಸುವ ಕೆಲಸ ಹಿಂದೆ ಬೀಳುತ್ತದೆ. ಹಾಡಲು ಇಷ್ಟವಿಲ್ಲದ ಅಂಧ ಹುಡುಗಿ ಲೆಕ್ಕ ಕಲಿಯಬೇಕು, ಕಾನೂನು ಓದಬೇಕು ಎಂದರೆ ಆಕೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಗಂಗೂಬಾಯಿಯವರನ್ನು ನಾನು ಮೊದಲಿಗಿಡಲು ಇನ್ನೊಂದು ಕಾರಣ ಇಲ್ಲಿದೆ. ಅವರದು ಹಾಡುವ ಹೆಂಗಸರ ಮನೆತನ. ಧಾರವಾಡದಲ್ಲಿ ಬಾಲಕಿಯಾಗಿದ್ದಾಗ ನೆರೆಯವರ ತೋಟಕ್ಕೆ ಮಾವಿನಹಣ್ಣಿಗೆ ಕಾಲಿಟ್ಟದ್ದಕ್ಕೆ, ಹಾಡುವವಳ ಮಗಳು ತೋಟ ಹೊಕ್ಕಳಲ್ಲ ಎಂದು ಬೈಗುಳ ತಿಂದರು. ಅದೇ ಜನ ಮುಂದೆ ತಮ್ಮನ್ನು ಊಟಕ್ಕೆ ಕರೆದದ್ದನ್ನು ಅವರೇ ನೆನೆದಿದ್ದಾರೆ. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲಿನ ತೆಳುವಾದ ಎತ್ತರದ ದನಿ ಹೋಗಿ ಗಡಸು ದನಿ ಉಳಿಯಿತು. ಹೆಣ್ಣಿನ ಕಂಠ ಹೀಗೇ ಇರಬೇಕು ಎಂದು ಜಗತ್ತು ಹಾಕಿದ ಗೆರೆಯ ಆಚೆ ಬಿದ್ದ ಆ ದನಿಯನ್ನೇ ಸಾಧಿಸಿ ಕಿರಾಣಾ ಘರಾಣೆಯ ಶಿಖರಕ್ಕೆ ಒಯ್ದರು. ಗಂಡಸರು ಹಾಡಿದರೆ ಪಂಡಿತರು, ಉಸ್ತಾದರು. ಹೆಂಗಸರು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾರೆ ಎಂದು ಅವರು ನೊಂದು ಹೇಳಿದ್ದುಂಟು. ವರದಿಂದ ಬಂದ ಕಂಠವಾಗಿದ್ದರೆ, ಅದು ಕೆಟ್ಟಾಗ ಕತೆ ಮುಗಿಯಬೇಕಿತ್ತು. ಮುಗಿಯಗೊಡದೆ ಇದ್ದದ್ದು ಅವರ ದುಡಿಮೆ.

ಅಷ್ಟಾದರೂ ಅವರಿಗೆ ಗುರು, ರೈಲು, ರೇಡಿಯೋ ಸಿಕ್ಕವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಹಾಡಿದ ಹೆಂಗಸರ ದನಿಯನ್ನು ಯಾವ ತಟ್ಟೆಯೂ ಹಿಡಿದಿಡಲಿಲ್ಲ. ಕಣದಲ್ಲಿ ರಾತ್ರಿಯಿಡೀ ಹಂತಿ ಹೊಡೆಯುತ್ತ ಎತ್ತಿನ ಹಿಂದೆ ಹಾಡಿದವರು, ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರೆನ್ನದೆ ಕೂಡಿ ರಿವಾಯತ್ ಪದ ಹೇಳಿದವರು, ಏಕತಾರಿ ಹಿಡಿದು ತತ್ವಪದ ಹಾಡಿದವರು ಯಾವ ಪಟ್ಟಿಗೂ ಬಂದವರಲ್ಲ. ಅವರಲ್ಲಿ ಎಷ್ಟು ಮಂದಿ ಗಂಗೂಬಾಯಿ, ಎಷ್ಟು ಮಂದಿ ಭೀಮಸೇನರಾಗಬಹುದಿತ್ತೋ ಅಳೆಯುವ ದಾರಿಯಿಲ್ಲ. ನಾವು ‘ಎಲ್ಲರಿಗಿಂತ ದೊಡ್ಡವರು’ ಎನ್ನುವಾಗ ಆ ‘ಎಲ್ಲರು’ ಅಂದರೆ ನಮ್ಮ ಕಿವಿಗೆ ತಲುಪಲು ಅವಕಾಶ ಸಿಕ್ಕ ಕೆಲವರು. ಜಾತಿ, ಬಡತನ, ಹೆಣ್ಣುತನ ಇವು ಹಾಡು ಶುರುವಾಗುವ ಮೊದಲೇ ಎಷ್ಟೋ ಕೊರಳುಗಳನ್ನು ಸ್ಪರ್ಧೆಯಿಂದ ಹೊರಗೆ ಹಾಕಿರುತ್ತವೆ.

ಹಾಗಾದರೆ ಹಾಡು ಕೇಳಿ ಕಣ್ಣು ತೇವಗೊಂಡಾಗ ನಾವು ಮಾಡಬೇಕಾದ್ದೇನು? ಕೈ ಮುಗಿಯುವವರು ಮುಗಿಯಲಿ. ಅದರ ಜೊತೆಗೆ, ಆ ಹಾಡು ಸಾಧ್ಯವಾದದ್ದು ಹೇಗೆ ಎಂದು ಕೇಳಿ, ಅದೇ ಸಾಧ್ಯತೆಯನ್ನು ಇನ್ನೊಂದು ಮಗುವಿಗೆ ಒದಗಿಸುವುದು ನಮ್ಮ ಕರ್ತವ್ಯ. ಮಠವೊಂದರ ಔದಾರ್ಯದ ಮೇಲೆ, ಒಬ್ಬ ಗವಾಯಿಯ ತ್ಯಾಗದ ಮೇಲೆ ಇಡೀ ಸಮಾಜ ತನ್ನ ಹೊಣೆ ಹೊರಿಸಿ ಕೂರಬಾರದು. ಸರಕಾರಿ ಶಾಲೆಗೆ ಸಂಗೀತದ ಮಾಸ್ತರರು ಬೇಕು. ಅಂಧ ಮಕ್ಕಳಿಗೆ ಸಂಗೀತದಷ್ಟೇ ಗಣಿತವೂ ವಿಜ್ಞಾನವೂ ಬ್ರೈಲ್‌ನಲ್ಲಿ ಸಿಗಬೇಕು. ಹಾಡುವ ಹುಡುಗಿಯ ಹೆಸರಿನ ಜೊತೆ ಕೀಳು ಮಾತು ಅಂಟಿಕೊಳ್ಳಬಾರದು. ಗಂಗೂಬಾಯಿ 2009ರಲ್ಲಿ ತೀರಿಕೊಂಡಾಗ, ಜನರಲ್ಲಿ ಅರಿವು ಮೂಡಲಿ ಎಂಬ ಅವರ ಇಚ್ಛೆಯಂತೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದು ಮಂತ್ರದಿಂದ ನಡೆಯುವ ಕೆಲಸವಲ್ಲ. ಸಹಿ, ವೈದ್ಯರು, ಮನೆಯವರ ಒಪ್ಪಿಗೆ ಕೂಡಿ ಆಗುವ ಕೆಲಸ. ಕಂಠವೊಂದು ಬೆಳೆಯುವುದೂ ಹೀಗೆ ಹಲವರು ಕೂಡಿದಾಗಲೇ.

ಪಟ್ಟಿ ಮಾಡೋಣ, ಮೊದಲ ಸ್ಥಾನಕ್ಕೆ ಜಗಳವಾಡೋಣ. ಆದರೆ ಒಂದು ಊರಿನ ಸಂಗೀತಪ್ರೀತಿಯನ್ನು ಅಳೆಯಬೇಕಾದ್ದು ಅದು ಹಿಂದಿನ ಯಾವ ಗಾಯಕರನ್ನು ಎಷ್ಟು ಎತ್ತರದಲ್ಲಿಟ್ಟಿದೆ ಎಂಬುದರಿಂದಲ್ಲ, ಇಂದು ತನ್ನ ಬಡ ಮಗುವಿನ ಕೈಗೆ ತಂಬೂರಿ ತಲುಪಿಸಲು ಏನು ಮಾಡುತ್ತಿದೆ ಎಂಬುದರಿಂದ.